ಹಳೆಯ ಕಾರು ಗಟ್ಟಿ ಎಂಬ ಮಾತು ಎಷ್ಟು ನಿಜ?

ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವರಿಗೆ ಎರಡು ಬಗೆಯ ಸಲಹೆ ಸಿಗುತ್ತದೆ. ಪುತ್ಲಿಬೌಲಿ, ರಾಣಿಗಂಜ್ ಕಡೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿದರೆ, ಹಳೆಯ ಗಾಡಿಯ ತಗಡು ಗಟ್ಟಿ, ಕೆಟ್ಟರೂ ರಸ್ತೆಬದಿಯಲ್ಲೇ ರಿಪೇರಿಯಾಗುತ್ತದೆ, ಈಗಿನವು ಹತ್ತು ವರ್ಷ ಬಾಳಿದರೆ ಹೆಚ್ಚು ಎನ್ನುತ್ತಾರೆ. ಗಚ್ಚಿಬೌಲಿ, ಮಾದಾಪುರದ ಕಚೇರಿಗಳಲ್ಲಿ ಕೇಳಿದರೆ, ಕೊಂಡ ದಿನದಿಂದ ಸರ್ವಿಸ್ ಬಿಟ್ಟರೆ ಬಾನೆಟ್ ತೆರೆದದ್ದೇ ಇಲ್ಲ ಎನ್ನುವವರು ಸಿಗುತ್ತಾರೆ. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಇಬ್ಬರ ಮಾತಿನಲ್ಲೂ ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ.

ಕಾರು ದಿನವೂ ಕೈಕೊಡದೆ ಓಡುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಒಟ್ಟು ಎಷ್ಟು ಕಿಲೋಮೀಟರ್, ಎಷ್ಟು ವರ್ಷ ಬಾಳುತ್ತದೆ ಎಂಬುದು ಎರಡನೆಯದು. ಕೆಟ್ಟಾಗ ಯಾರು, ಎಲ್ಲಿ, ಎಷ್ಟು ಖರ್ಚಿನಲ್ಲಿ ಸರಿಮಾಡಬಲ್ಲರು ಎಂಬುದು ಮೂರನೆಯದು. ಈ ಮೂರಕ್ಕೂ ಉತ್ತರ ಒಂದೇ ಅಲ್ಲ. ಮಧ್ಯಮ ವರ್ಗದ ಮನೆಗೆ ಸ್ವಂತ ಸೂರಿನ ನಂತರದ ಅತಿ ದೊಡ್ಡ ಖರ್ಚು ಕಾರು. ಹಾಗಾಗಿ ಈ ಮೂರನ್ನೂ ಬಿಡಿಸಿ ನೋಡುವುದು ಅಗತ್ಯ.

ಹಳೆಯ ಕಾಲದ ದಿನಚರಿ

1957ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಅಂಬಾಸಡರ್ ಕಾರಿನ ತಯಾರಿಕೆ ಆರಂಭಿಸಿತು. ಅದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಮುಂಬೈಯಲ್ಲಿ ಪ್ರೀಮಿಯರ್ ಕಂಪನಿ ಇಟಲಿಯ ಫಿಯಟ್ 1100 ಕಾರನ್ನು ಕಟ್ಟುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ಸುಮಾರು ಮೂರು ದಶಕ ಹೈದರಾಬಾದಿನ ಸರ್ಕಾರಿ ಕಚೇರಿ, ವಕೀಲರ ಮನೆ, ವೈದ್ಯರ ಮನೆ, ಟ್ಯಾಕ್ಸಿ ನಿಲ್ದಾಣ ಎಲ್ಲೆಲ್ಲೂ ಇವೆರಡರದೇ ಆಳ್ವಿಕೆ.

ಇವುಗಳ ಜೊತೆ ಬಾಳಿದವರಿಗೆ ಆ ದಿನಚರಿ ಚೆನ್ನಾಗಿ ಗೊತ್ತು. ಬೆಳಿಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆಯಬೇಕು. ಕಾರ್ಬೊರೇಟರಿನ ಜೆಟ್‌ನಲ್ಲಿ ಕಸ ಸಿಕ್ಕರೆ ಬಿಚ್ಚಿ ಊದಬೇಕು. ಡಿಸ್ಟ್ರಿಬ್ಯೂಟರಿನ ಪಾಯಿಂಟ್‌ಗಳನ್ನು ಆಗಾಗ ಉಜ್ಜಿ, ಅಂತರ ನೋಡಿ ಕೂರಿಸಬೇಕು. ಪ್ಲಗ್‌ನ ಮಸಿ ತೆಗೆಯಬೇಕು. ಕೆಲವೇ ಸಾವಿರ ಕಿಲೋಮೀಟರಿಗೊಮ್ಮೆ ಎಂಜಿನ್ ಆಯಿಲ್ ಬದಲಿಸಿ, ಕಿಂಗ್ ಪಿನ್‌ಗೆ ಗ್ರೀಸ್ ತುಂಬಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹುಮನಾಬಾದ್ ದಾರಿಯಲ್ಲಿ ಏರು ಬಂದರೆ ರೇಡಿಯೇಟರ್ ಕುದಿಯುತ್ತಿತ್ತು. ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಎಂಜಿನ್ ನಿಂತುಬಿಡುತ್ತಿತ್ತು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಮರದ ನೆರಳಿನಲ್ಲಿ ಕಾಯುವುದು ಪ್ರಯಾಣದ ಭಾಗವೇ ಆಗಿತ್ತು. ದೂರದ ಊರಿಗೆ ಹೊರಟವರು ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟ್, ಪಾಯಿಂಟ್ ಸೆಟ್, ಕಂಡೆನ್ಸರ್, ನೀರಿನ ಕ್ಯಾನು ಇಟ್ಟುಕೊಳ್ಳದೆ ಹೊರಡುತ್ತಿರಲಿಲ್ಲ.

ಆ ಕಾಲದ ಬಹಳಷ್ಟು ಕಾರುಗಳ ಕಿಲೋಮೀಟರ್ ಮೀಟರಿನಲ್ಲಿ ಐದೇ ಅಂಕಿ ಇರುತ್ತಿದ್ದವು. 99,999 ದಾಟಿದರೆ ಮತ್ತೆ ಸೊನ್ನೆ. ಒಂದು ಲಕ್ಷ ಕಿಲೋಮೀಟರ್ ಎಂಬುದು ಕಾರಿನ ಬಾಳಿನ ದೊಡ್ಡ ಗಡಿ ಎಂದು ತಯಾರಕರೂ ಭಾವಿಸಿದ್ದಕ್ಕೆ ಇದು ಸಾಕ್ಷಿ. ಆ ಗಡಿ ಮುಟ್ಟುವ ಮೊದಲೇ ಎಷ್ಟೋ ಎಂಜಿನ್‌ಗಳನ್ನು ಇಳಿಸಿ ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕಿಸಬೇಕಾಗುತ್ತಿತ್ತು. ಮೂವತ್ತು ವರ್ಷ ಓಡಿದ ಅಂಬಾಸಡರ್ ಎಂದರೆ ಎರಡು ಮೂರು ಬಾರಿ ಎಂಜಿನ್ ಕಟ್ಟಿಸಿದ, ಕೆಳಭಾಗದ ತಗಡಿಗೆ ಹಲವು ಸಲ ಟಿಂಕರಿಂಗ್ ಮಾಡಿಸಿದ ಗಾಡಿ ಎಂದೇ ಅರ್ಥ. ಆ ದೀರ್ಘಾಯುಷ್ಯದಲ್ಲಿ ಕಾರ್ಖಾನೆಗಿಂತ ದೊಡ್ಡ ಪಾಲು ಗ್ಯಾರೇಜಿನ ಉಸ್ತಾದರದು. ಇದನ್ನು ಮರೆತು ಆ ಶ್ರೇಯಸ್ಸನ್ನು ತಗಡಿಗೆ ಕೊಡುವುದು ಆ ಕೈಗಳಿಗೆ ಮಾಡುವ ಅನ್ಯಾಯ.

ಉಳಿದ ಕಾರುಗಳು ಹೇಳುವ ಅರ್ಧ ಸತ್ಯ

ಹಳೆಯ ಕಾರು ಗಟ್ಟಿ ಎಂಬ ನಂಬಿಕೆಗೆ ನಾವು ಕೊಡುವ ಸಾಕ್ಷಿ, ಇಂದಿಗೂ ಉಳಿದಿರುವ ಹಳೆಯ ಕಾರುಗಳು. ಚೌಮಹಲ್ಲಾ ಅರಮನೆಯಲ್ಲಿ 1912ರ ಹಳದಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ನಿಂತಿದೆ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಬೇಡಿಕೆ ಸಲ್ಲಿಸಿದ್ದ ಈ ಸಿಂಹಾಸನದ ಕಾರು ನಗರಕ್ಕೆ ಬರುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡಿದ್ದರು. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಲದಲ್ಲಿ ಅದು ವಿಶೇಷ ಸಂದರ್ಭಗಳಿಗಷ್ಟೇ ಹೊರಬರುತ್ತಿತ್ತು. ಅದು ಓಡಿದ್ದು ಕೆಲವೇ ನೂರು ಮೈಲಿ ಎನ್ನಲಾಗುತ್ತದೆ. ದುರಸ್ತಿ ಮಾಡಿ ಹೊಸ ಕಳೆ ಕೊಟ್ಟ ಮೇಲೆ ಪ್ರದರ್ಶನಕ್ಕೆ ಬಂತು. ನೂರು ವರ್ಷ ದಾಟಿದ ಈ ಕಾರು ಕುಶಲಕರ್ಮಿಗಳ ಹೆಮ್ಮೆಯನ್ನು ಸಾರುತ್ತದೆ. ಆದರೆ ದಿನವೂ ಮೆಹದಿಪಟ್ಣಂನಿಂದ ಸಿಕಂದರಾಬಾದಿಗೆ ಓಡಾಡುವ ಗಾಡಿಯ ಬಾಳಿಕೆ ಎಷ್ಟು ಎಂಬುದಕ್ಕೆ ಅದು ಸಾಕ್ಷಿಯಾಗದು.

ನಮ್ಮ ಕಣ್ಣಿಗೆ ಬೀಳುವ ಹಳೆಯ ಕಾರುಗಳೆಲ್ಲ ಹೀಗೆ ಆಯ್ದು ಉಳಿದವು. ಅವುಗಳ ಜೊತೆ ಕಾರ್ಖಾನೆಯಿಂದ ಹೊರಬಂದ ಸಾವಿರಾರು ಗಾಡಿಗಳು ಎಂದೋ ಗುಜರಿ ಸೇರಿವೆ. ಅವು ಸಾಕ್ಷಿ ಹೇಳಲು ಬರುವುದಿಲ್ಲ. ಅಮೆರಿಕದ ಇರ್ವ್ ಗೋರ್ಡನ್ ಎಂಬ ಶಿಕ್ಷಕರು 1966ರಲ್ಲಿ ಕೊಂಡ ವೋಲ್ವೊ ಪಿ1800 ಕಾರನ್ನು 2013ರ ಹೊತ್ತಿಗೆ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿಲೋಮೀಟರ್ ಓಡಿಸಿ ದಾಖಲೆ ಮಾಡಿದರು. ಆಯಿಲ್ ಬದಲಾವಣೆಯನ್ನು ಒಮ್ಮೆಯೂ ತಪ್ಪಿಸದೆ, ನಡುವೆ ಎಂಜಿನ್ ಬಿಚ್ಚಿ ಕಟ್ಟಿಸಿ, ಒಬ್ಬರೇ ಓಡಿಸಿದ ಕಾರು ಅದು. ಆ ಸಾಧನೆಯಲ್ಲಿ ಕಾರಿನ ಗುಣಕ್ಕಿಂತ ಮಾಲೀಕರ ಶಿಸ್ತು ಎದ್ದು ಕಾಣುತ್ತದೆ. ಅದೇ ವರ್ಷ ಮಾರಾಟವಾದ ಅದೇ ಮಾದರಿಯ ಉಳಿದವುಗಳಿಗೆ ಅಂಥ ಆಯುಸ್ಸು ಬರಲಿಲ್ಲ.

1983ರ ತಿರುವು, ಜಹೀರಾಬಾದ್ ಮತ್ತು ಬಿಡದಿ

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಹಸ್ತಾಂತರಿಸಿದರು. 796 ಸಿಸಿಯ, ಮೂರು ಸಿಲಿಂಡರಿನ ಆ ಪುಟ್ಟ ಗಾಡಿಯನ್ನು ಕಂಡು ಮೊದಲು ಜನ ಅನುಮಾನಪಟ್ಟರು. ತಗಡು ತೆಳು, ಚಕ್ರ ಚಿಕ್ಕವು, ಹಳ್ಳಿಯ ರಸ್ತೆಗೆ ಆಗದು ಎಂದರು. ಆದರೆ ಬೆಳಿಗ್ಗೆ ಮೊದಲ ಸೆಲ್ಫಿಗೆ ಶುರುವಾಗುವ, ಬೇಸಿಗೆಯಲ್ಲೂ ಕುದಿಯದ, ತಿಂಗಳುಗಟ್ಟಲೆ ಗ್ಯಾರೇಜಿನ ಮುಖ ನೋಡದ ಕಾರು ಎಂದರೇನು ಎಂದು ಭಾರತಕ್ಕೆ ತೋರಿಸಿದ್ದು ಅದೇ. ಮಹಿಳೆಯರು, ಹೊಸದಾಗಿ ಡ್ರೈವಿಂಗ್ ಕಲಿತವರು ಮೆಕ್ಯಾನಿಕ್ಕಿನ ಹಂಗಿಲ್ಲದೆ ದೂರ ಹೋಗಬಹುದು ಎಂಬ ಧೈರ್ಯ ಹುಟ್ಟಿದ್ದು ಆಗ. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಹೈದರಾಬಾದಿನಲ್ಲಿ ಮಾತ್ರ ಅದರ ಮಾರಾಟ 2010ರ ಏಪ್ರಿಲ್‌ನಲ್ಲೇ ಮುಗಿದಿತ್ತು; ಬಿಎಸ್-4 ಮಾಲಿನ್ಯ ನಿಯಮ ಮೊದಲು ಜಾರಿಯಾದ 13 ನಗರಗಳಲ್ಲಿ ಇದೂ ಒಂದು.

ಅದೇ 1980ರ ದಶಕದಲ್ಲಿ ಹೈದರಾಬಾದ್ ಆಲ್ವಿನ್ ಸಂಸ್ಥೆ ಜಪಾನಿನ ನಿಸ್ಸಾನ್ ಜೊತೆ ಸೇರಿ ಬೀದರಿಗೆ ಸಮೀಪದ ಜಹೀರಾಬಾದಿನಲ್ಲಿ ಲಘು ವಾಣಿಜ್ಯ ವಾಹನಗಳನ್ನು ತಯಾರಿಸತೊಡಗಿತು. 1989ರಲ್ಲಿ ಆ ಕಾರ್ಖಾನೆ ಮಹೀಂದ್ರ ಪಾಲಾಯಿತು. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಬಾರದು ಎಂಬ ಜಪಾನಿ ಕಾರ್ಖಾನೆಯ ಶಿಸ್ತು ದಖ್ಖನ್‌ಗೆ ಕಾಲಿಟ್ಟದ್ದು ಹೀಗೆ.

ಮೂರನೆಯ ಹೆಜ್ಜೆ ಇಟ್ಟದ್ದು ಕರ್ನಾಟಕದ ಬಿಡದಿ. ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ 2000ದ ಆರಂಭದಲ್ಲಿ ಕ್ವಾಲಿಸ್ ಅನ್ನು ಮಾರುಕಟ್ಟೆಗೆ ತಂದಿತು. ಹೈದರಾಬಾದಿನಲ್ಲಿ ಸೈಬರ್ ಟವರ್ಸ್ 1998ರಲ್ಲಿ ಉದ್ಘಾಟನೆಗೊಂಡು, ಹೈಟೆಕ್ ಸಿಟಿ ರಾತ್ರಿ ಪಾಳಿಯಲ್ಲಿ ದುಡಿಯಲು ಕಲಿಯುತ್ತಿದ್ದ ಕಾಲವದು. ಹಗಲೂ ರಾತ್ರಿ ಚಾಲಕರು ಬದಲಾಗುತ್ತ ಎಂಜಿನ್ ಆರದೆ ಓಡಿದ ಕ್ವಾಲಿಸ್‌ಗಳು, 2005ರ ನಂತರ ಇನ್ನೋವಾಗಳು, ಎಂಜಿನ್ ಇಳಿಸದೆ ಹಲವು ಲಕ್ಷ ಕಿಲೋಮೀಟರ್ ಓಡಬಹುದು ಎಂಬುದನ್ನು ಟ್ಯಾಕ್ಸಿ ಮಾಲೀಕರ ಲೆಕ್ಕದ ಪುಸ್ತಕದಲ್ಲೇ ಬರೆದು ತೋರಿಸಿದವು. ಟ್ಯಾಕ್ಸಿ ಮಾಲೀಕರಿಗೆ ಹಳೆಯದರ ಮೇಲೆ ವ್ಯಾಮೋಹವಿರುವುದಿಲ್ಲ. ನಿಂತ ಗಾಡಿ ಎಂದರೆ ನಷ್ಟ. ಅವರು ಅಂಬಾಸಡರ್ ಬಿಟ್ಟು ಇತ್ತ ಬಂದದ್ದೇ ಒಂದು ದೊಡ್ಡ ತೀರ್ಪು.

ಬಾಳಿಕೆ ಹೆಚ್ಚಿದ್ದರ ಹಿಂದಿನ ಕಾರಣಗಳು

ಹೊಸ ಎಂಜಿನ್ ಹೆಚ್ಚು ಬಾಳುವುದರ ಕಾರಣಗಳು ಸ್ಪಷ್ಟವಾಗಿವೆ. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಸಿಲಿಂಡರ್, ಪಿಸ್ಟನ್, ಬೇರಿಂಗ್‌ಗಳನ್ನು ಮೊದಲಿಗಿಂತ ಎಷ್ಟೋ ನಿಖರವಾಗಿ ಕೊರೆಯುತ್ತವೆ. ಅಳತೆ ನಿಖರವಾದಷ್ಟೂ ಸವೆತ ಕಡಿಮೆ. ಸಿಂಥೆಟಿಕ್ ಆಯಿಲ್ ಬಿಸಿಗೆ ಬೇಗ ತೆಳುವಾಗುವುದಿಲ್ಲ, ಬೇಗ ಕೆಡುವುದೂ ಇಲ್ಲ. ಹಾಗಾಗಿ ಈಗ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಿದರೆ ಸಾಕು.

ಕಾರ್ಬೊರೇಟರಿನ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂತು. ಹಳೆಯ ಎಂಜಿನ್ ತಣ್ಣಗಿದ್ದಾಗ ಚೋಕ್ ಎಳೆದರೆ ಹೆಚ್ಚುವರಿ ಪೆಟ್ರೋಲು ಸಿಲಿಂಡರಿನ ಗೋಡೆಯ ಮೇಲಿನ ಆಯಿಲ್ ಪದರವನ್ನೇ ತೊಳೆದುಬಿಡುತ್ತಿತ್ತು; ಲೋಹ ಲೋಹಕ್ಕೆ ಉಜ್ಜುತ್ತಿತ್ತು. ಈಗ ಸೆನ್ಸರ್‌ಗಳು ಗಾಳಿ, ಉಷ್ಣತೆ ಅಳೆದು ಬೇಕಾದಷ್ಟೇ ಇಂಧನ ಚಿಮುಕಿಸುತ್ತವೆ. 2000ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂದ ಮೇಲೆ ಪ್ಲಗ್ ಮೇಲೆ ಸೀಸದ ಪದರ ಕಟ್ಟುವುದು ನಿಂತಿತು. ಇಂದಿನ ಇರಿಡಿಯಂ ಪ್ಲಗ್‌ಗಳು ಲಕ್ಷ ಕಿಲೋಮೀಟರ್ ಹತ್ತಿರ ಬಾಳುತ್ತವೆ. ಪಾಯಿಂಟ್ ಸೆಟ್ ಎಂಬುದೇ ಮಾಯವಾಗಿದೆ.

ದೇಹದ ಆಯುಸ್ಸೂ ಹೆಚ್ಚಿದೆ. ಇಡೀ ಕವಚವನ್ನು ಬಣ್ಣದ ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಮೂಲೆ ಮೂಲೆಗೂ ರಕ್ಷಣಾ ಪದರ ಕೂರಿಸುವ ವಿಧಾನ ಈಗ ಸಾಮಾನ್ಯ. ಸತು ಲೇಪಿಸಿದ ತಗಡಿನ ಬಳಕೆಯೂ ಹೆಚ್ಚಾಗಿದೆ. ಹಳೆಯ ಕಾರು ದಪ್ಪ ತಗಡಿನದಾದರೂ ಒಳಮೂಲೆಗಳಿಂದ ತುಕ್ಕು ತಿನ್ನುತ್ತಿತ್ತು. ತುಕ್ಕಿಗೆ ದಪ್ಪ, ತೆಳು ಎಂಬ ಭೇದವಿಲ್ಲ.

ಹೊರಗಿನ ಅಂಕಿಗಳೂ ಇದನ್ನೇ ಹೇಳುತ್ತವೆ. ಅಮೆರಿಕದಲ್ಲಿ 1970ರ ಸುಮಾರಿಗೆ ರಸ್ತೆಯಲ್ಲಿದ್ದ ಕಾರುಗಳ ಸರಾಸರಿ ವಯಸ್ಸು ಆರು ವರ್ಷಕ್ಕಿಂತ ಕಡಿಮೆ ಇತ್ತು. 2024ರಲ್ಲಿ ಎಸ್ ಅಂಡ್ ಪಿ ಗ್ಲೋಬಲ್ ಮೊಬಿಲಿಟಿ ಸಂಸ್ಥೆ ಲೆಕ್ಕ ಹಾಕಿದಾಗ ಕಾರು ಮತ್ತು ಲಘು ಟ್ರಕ್‌ಗಳ ಸರಾಸರಿ 12.6 ವರ್ಷ. ಹೊಸ ಕಾರಿನ ಬೆಲೆ ಏರಿದ್ದೂ ಇದಕ್ಕೊಂದು ಕಾರಣ. ಆದರೆ ಬಾಳದ ಗಾಡಿಯನ್ನು ಯಾರೂ ಇಟ್ಟುಕೊಳ್ಳಲಾರರು. ನಮ್ಮಲ್ಲೂ, 2021ರಲ್ಲಿ ಕೇಂದ್ರ ಸರ್ಕಾರ ನೀಡಿದ ಅಂಕಿಗಳ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಸುಮಾರು 4 ಕೋಟಿ ವಾಹನಗಳಿದ್ದವು. ಅವುಗಳಲ್ಲಿ 70 ಲಕ್ಷಕ್ಕೂ ಹೆಚ್ಚು ಇದ್ದ ಕರ್ನಾಟಕ ಮೊದಲ ಸ್ಥಾನದಲ್ಲಿತ್ತು. ತೆಲಂಗಾಣದ ದಾಖಲೆಗಳು ಆಗ ಆ ಲೆಕ್ಕಕ್ಕೆ ಸೇರಿರಲಿಲ್ಲ.

ತಗಡಿನ ದಪ್ಪವೂ ಮನುಷ್ಯನ ಜೀವವೂ

ಹಳೆಯ ಕಾರು ಗುದ್ದಿದರೂ ನಜ್ಜುಗುಜ್ಜಾಗುವುದಿಲ್ಲ, ಹೊಸದು ಮುಟ್ಟಿದರೆ ಮುದುಡುತ್ತದೆ ಎಂಬ ಮಾತನ್ನು ಇಲ್ಲಿ ಬಿಡಿಸಿ ನೋಡಲೇಬೇಕು. ಈ ತಪ್ಪು ತಿಳಿವಳಿಕೆ ಜೀವ ತೆಗೆಯಬಲ್ಲದು. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ, ಐಐಎಚ್‌ಎಸ್, 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಾಲಿಬು ಕಾರುಗಳನ್ನು ಎದುರುಬದುರು ಡಿಕ್ಕಿ ಹೊಡೆಸಿತು. ದಪ್ಪ ತಗಡಿನ ಹಳೆಯ ಕಾರಿನ ಚಾಲಕನ ಗೂಡು ಒಳಕ್ಕೆ ಕುಸಿಯಿತು, ಸ್ಟಿಯರಿಂಗ್ ಪರೀಕ್ಷೆಗೆಂದು ಕೂರಿಸಿದ್ದ ಬೊಂಬೆಯತ್ತ ನುಗ್ಗಿತು. ಅಲ್ಲಿ ಮನುಷ್ಯನಿದ್ದಿದ್ದರೆ ಉಳಿಯುತ್ತಿರಲಿಲ್ಲ. ಹೊಸ ಕಾರಿನ ಮುಂಭಾಗ ಮುದುಡಿತು, ಚಾಲಕನ ಜಾಗ ಹಾಗೇ ಉಳಿಯಿತು. ಮುಂಭಾಗ ಮುದುಡುವುದು ದೋಷವಲ್ಲ, ಹೊಡೆತವನ್ನು ತಾನು ನುಂಗಿಕೊಳ್ಳಲೆಂದೇ ಅದನ್ನು ಹಾಗೆ ರೂಪಿಸಿರುತ್ತಾರೆ.

ಹೊಸದೆಂದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂದೂ ಅಲ್ಲ. 2014ರ ಜನವರಿಯಲ್ಲಿ ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಪರೀಕ್ಷಿಸಿದ ಭಾರತದ ಐದು ಜನಪ್ರಿಯ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳಿಗೆ ಒಂದೂ ನಕ್ಷತ್ರ ಸಿಗಲಿಲ್ಲ. ಆ ಆಘಾತದ ನಂತರವೇ ನಿಯಮಗಳು ಬಿಗಿಯಾದವು. 2023ರ ಅಕ್ಟೋಬರ್‌ನಿಂದ ನಮ್ಮದೇ ಸುರಕ್ಷತಾ ಪರೀಕ್ಷೆ, ಭಾರತ್ ಎನ್‌ಕ್ಯಾಪ್, ನಡೆಯುತ್ತಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಾರಿನ ವಯಸ್ಸಿನ ಜೊತೆಗೆ ಏರ್‌ಬ್ಯಾಗ್ ಮತ್ತು ಎಬಿಎಸ್ ಇವೆಯೇ ಎಂದು ಕೇಳಲೇಬೇಕು.

ಹೊಸ ಕಾರಿನ ಹೊಸ ರೋಗಗಳು

ಇಷ್ಟೆಲ್ಲ ಗೆದ್ದಮೇಲೂ ಹೊಸ ಕಾರಿನ ಬಗ್ಗೆ ದೂರುಗಳಿರುವುದು ಸುಳ್ಳಲ್ಲ. ದೂರಿನ ಜಾಗ ಬದಲಾಗಿದೆ. ಅಮೆರಿಕದ ಜೆ.ಡಿ. ಪವರ್ ಸಂಸ್ಥೆ ಮೂರು ವರ್ಷ ಹಳೆಯ ವಾಹನಗಳ ಮಾಲೀಕರನ್ನು ಪ್ರತಿವರ್ಷ ಕೇಳುತ್ತದೆ. 2024ರಲ್ಲಿ ನೂರು ವಾಹನಕ್ಕೆ 190 ತೊಂದರೆಗಳು ವರದಿಯಾದರೆ, 2025ರಲ್ಲಿ ಅದು 202ಕ್ಕೆ ಏರಿತು. ಅತಿ ಹೆಚ್ಚು ದೂರು ಬಂದದ್ದು ಪರದೆ, ಫೋನ್ ಜೋಡಣೆ, ಸಾಫ್ಟ್‌ವೇರ್ ಬಗ್ಗೆ. ಎಂಜಿನ್ ಓಡುತ್ತಿರುತ್ತದೆ, ಪರದೆ ಕಪ್ಪಾಗಿರುತ್ತದೆ. ಇದು ರಸ್ತೆ ಮಧ್ಯೆ ನಿಲ್ಲಿಸುವ ತೊಂದರೆಯಲ್ಲ. ಆದರೆ ಹಿಂಬದಿಯ ಕ್ಯಾಮೆರಾ, ಎಸಿಯ ಗುಂಡಿಗಳು ಕೂಡ ಅದೇ ಪರದೆಯೊಳಗೆ ಸೇರಿದಾಗ ಅದನ್ನು ಕ್ಷುಲ್ಲಕ ಎನ್ನಲಾಗದು.

ಈ ವಿಷಯದಲ್ಲಿ ಹೈದರಾಬಾದಿಗೆ ವಿಶೇಷ ಹೊಣೆಯೂ ಇದೆ. ಹ್ಯುಂಡೈ, ಜೆಡ್‌ಎಫ್, ಸ್ಟೆಲಾಂಟಿಸ್ ಮೊದಲಾದ ಕಂಪನಿಗಳ ತಂತ್ರಜ್ಞಾನ ಕೇಂದ್ರಗಳು ಈ ನಗರದಲ್ಲಿವೆ. ಜಗತ್ತಿನ ಕಾರುಗಳ ವಿನ್ಯಾಸ, ಸಾಫ್ಟ್‌ವೇರ್ ಕೆಲಸದ ಒಂದು ಪಾಲು ಇಲ್ಲಿನ ಎಂಜಿನಿಯರುಗಳ ಕೈಯಲ್ಲಿದೆ. ಅವರಲ್ಲಿ ಕನ್ನಡಿಗರೂ ಇದ್ದಾರೆ. ಒಂದು ಕಾಲದಲ್ಲಿ ಬಾಳಿಕೆ ಎಂಬುದು ಲೋಹದ ಗುಣವಾಗಿತ್ತು. ಈಗ ಅದು ಬರೆದ ಕೋಡಿನ ಗುಣವೂ ಹೌದು.

ಎರಡನೆಯ ರೋಗ ಡೀಸೆಲ್ ಕಾರುಗಳದ್ದು. 2020ರ ಏಪ್ರಿಲ್‌ನಿಂದ ಬಿಎಸ್-6 ಜಾರಿಯಾದ ಮೇಲೆ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯುವ ಜಾಲರಿ, ಡಿಪಿಎಫ್, ಬಂತು. ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಒಳಗಿನ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಅಮೀರ್‌ಪೇಟೆ, ಪಂಜಾಗುಟ್ಟ, ಮಾದಾಪುರದ ದಟ್ಟಣೆಯಲ್ಲೇ ಸುತ್ತುವ ಕಾರಿಗೆ ಅದಕ್ಕೆ ಅವಕಾಶವಿಲ್ಲ. ಜಾಲರಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತುತ್ತದೆ. 158 ಕಿಲೋಮೀಟರಿನ ಔಟರ್ ರಿಂಗ್ ರೋಡ್ ಮೇಲೆ ಆಗಾಗ ಅರ್ಧ ಗಂಟೆ ಓಡಿಸುವುದು ಇದಕ್ಕೆ ಸುಲಭದ ಮದ್ದು. ನಗರದೊಳಗೇ ಸಣ್ಣ ಓಡಾಟ ಇರುವವರು ಹೊಸ ಡೀಸೆಲ್ ಕಾರು ಕೊಳ್ಳದಿರುವುದು ಇನ್ನೂ ಒಳ್ಳೆಯದು.

ಮೂರನೆಯದು ಗೇರ್‌ಬಾಕ್ಸ್. ಒಣ ಕ್ಲಚ್‌ನ ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್‌ಗಳು ಇಂಚಿಂಚು ಸರಿಯುವ ದಟ್ಟಣೆಯಲ್ಲಿ ಬಿಸಿಯೇರುತ್ತವೆ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳು ಹೆಚ್ಚಿನ ಒತ್ತಡ, ಉಷ್ಣತೆಯಲ್ಲಿ ದುಡಿಯುವುದರಿಂದ ಆಯಿಲ್ ಬದಲಾವಣೆ ತಪ್ಪಿಸಿದರೆ ಕ್ಷಮಿಸುವುದಿಲ್ಲ. ಹಳೆಯ ಎಂಜಿನ್ ಅಸಡ್ಡೆಯನ್ನು ಸಹಿಸಿಕೊಂಡು ಹೊಗೆ ಬಿಡುತ್ತ ಓಡುತ್ತಿತ್ತು. ಹೊಸದು ಆರೈಕೆ ಇದ್ದರೆ ಬಹಳ ಕಾಲ ಬಾಳುತ್ತದೆ, ಇಲ್ಲದಿದ್ದರೆ ಒಮ್ಮೆಲೇ ದೊಡ್ಡ ಬಿಲ್ಲು ತರುತ್ತದೆ.

ಬಿಸಿಲು, ಮಳೆ, ತುಕ್ಕು

ಊರಿನ ಹವೆಯೂ ಕಾರಿನ ಆಯುಸ್ಸನ್ನು ನಿರ್ಧರಿಸುತ್ತದೆ. ಸಮುದ್ರದಿಂದ ದೂರದ ಪ್ರಸ್ಥಭೂಮಿಯ ಮೇಲಿರುವ ಹೈದರಾಬಾದಿನಲ್ಲಿ ಮಂಗಳೂರು, ಉಡುಪಿಯಷ್ಟು ತುಕ್ಕಿನ ಕಾಟವಿಲ್ಲ. ಕರಾವಳಿಯ ಉಪ್ಪುಗಾಳಿಯಲ್ಲಿ ನಿಂತ ಕಾರಿಗೂ ಕಲಬುರಗಿ, ಹೈದರಾಬಾದಿನಲ್ಲಿ ನಿಂತ ಕಾರಿಗೂ ಹತ್ತು ವರ್ಷದ ನಂತರ ಅಡಿಭಾಗದಲ್ಲಿ ಎದ್ದು ಕಾಣುವ ವ್ಯತ್ಯಾಸವಿರುತ್ತದೆ. ಆದರೆ 40 ಡಿಗ್ರಿ ದಾಟುವ ಬೇಸಿಗೆ ಬ್ಯಾಟರಿ, ರಬ್ಬರ್ ಪೈಪ್, ಟೈರು, ಡ್ಯಾಶ್‌ಬೋರ್ಡನ್ನು ಬೇಗ ಮುದಿಯಾಗಿಸುತ್ತದೆ. ನೆರಳಿನಲ್ಲಿ ನಿಲ್ಲಿಸುವುದು ಇಲ್ಲಿ ನಿಜವಾದ ಉಳಿತಾಯ.

ಮಳೆಯ ವಿಷಯದಲ್ಲಿ ಹೊಸ ಕಾರು ಹೆಚ್ಚು ನಾಜೂಕು. 2020ರ ಅಕ್ಟೋಬರ್ 13ರ ರಾತ್ರಿಯ ಮಳೆಗೆ ಟೋಲಿಚೌಕಿ, ಫಲಕ್‌ನುಮಾ ಮೊದಲಾದ ಕಡೆ ಕಾರುಗಳು ನೀರಿನಲ್ಲಿ ತೇಲಿದ ದೃಶ್ಯ ಊರಿಗೆ ನೆನಪಿದೆ. ಹಳೆಯ ಕಾರಿಗೆ ನೀರು ನುಗ್ಗಿದರೆ ಆಯಿಲ್ ಬದಲಿಸಿ, ಡಿಸ್ಟ್ರಿಬ್ಯೂಟರ್ ಒಣಗಿಸಿ, ಸೀಟು ಬಿಸಿಲಿಗೆ ಹಾಕಿದರೆ ಬಹಳಷ್ಟು ಕೆಲಸ ಮುಗಿಯುತ್ತಿತ್ತು. ಇಂದಿನ ಕಾರಿನಲ್ಲಿ ಹತ್ತಾರು ನಿಯಂತ್ರಣ ಪೆಟ್ಟಿಗೆಗಳು, ನೂರಾರು ಜೋಡಣೆಗಳಿವೆ. ಕೆಲವು ಸೀಟಿನ ಅಡಿಯಲ್ಲೇ ಇರುತ್ತವೆ. ಒಳಗೆ ನಿಂತ ತೇವ ತಿಂಗಳುಗಳ ನಂತರವೂ ಕಾಡುತ್ತದೆ. ಮುಳುಗಿದ ಕಾರಿಗೆ ಸೆಲ್ಫ್ ಹೊಡೆಯಲೇಬಾರದು. ಎಂಜಿನ್ ರಕ್ಷಣೆಯನ್ನೂ ಸೇರಿಸಿದ ವಿಮೆ ಈ ಊರಿನಲ್ಲಿ ಅನಗತ್ಯ ಖರ್ಚಲ್ಲ.

ರಿಪೇರಿ ಯಾರ ಕೈಯಲ್ಲಿದೆ?

ಹಳೆಯ ಕಾರಿನ ಪರವಾಗಿ ಹೇಳಬಹುದಾದ ಅತಿ ದೊಡ್ಡ ಮಾತು ಇಲ್ಲಿದೆ. ಅಂಬಾಸಡರನ್ನು ಮಹಬೂಬ್‌ನಗರದಲ್ಲೂ ಯಾದಗಿರಿಯಲ್ಲೂ ಅದೇ ಸ್ಪ್ಯಾನರಿನಿಂದ ಬಿಚ್ಚಬಹುದಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಇಲ್ಲಿನ ರಾಣಿಗಂಜ್‌ನಲ್ಲಿ ಅದರ ಬಿಡಿಭಾಗ ಸಿಗದ ದಿನವಿರಲಿಲ್ಲ. 2014ರಲ್ಲಿ ತಯಾರಿಕೆಯೇ ನಿಂತರೂ ಅದರ ಬಾಳು ತಕ್ಷಣ ನಿಲ್ಲದಿದ್ದುದಕ್ಕೆ ಇದೇ ಕಾರಣ.

ಹೊಸ ಕಾರಿನಲ್ಲಿ ಭಾಗದ ಬದಲು ಇಡೀ ಜೋಡಣೆಯನ್ನೇ ಬದಲಿಸುವ ಪದ್ಧತಿ ಬಂದಿದೆ. ಬಲ್ಬ್ ಹೋದರೆ ಬಲ್ಬ್ ಹಾಕುತ್ತಿದ್ದ ಕಡೆ ಈಗ ಇಡೀ ಎಲ್‌ಇಡಿ ಹೆಡ್‌ಲೈಟ್ ಕೊಳ್ಳಬೇಕು. ಚೆಕ್ ಲೈಟ್ ಹೊತ್ತಿದರೆ ಸ್ಕ್ಯಾನರ್ ಹಾಕದೆ ಕಾರಣ ತಿಳಿಯದು. ಕೆಲವು ಭಾಗ ಬದಲಿಸಿದರೆ ಕಂಪನಿಯ ಸಾಫ್ಟ್‌ವೇರಿನಿಂದ ಒಪ್ಪಿಗೆ ಪಡೆಯದೆ ಅದು ಕೆಲಸ ಮಾಡದು. ಇಲ್ಲಿನ ಗ್ಯಾರೇಜುಗಳ ಹುಡುಗರು ಲ್ಯಾಪ್‌ಟಾಪ್ ಹಿಡಿದು ಹೊಸ ವಿದ್ಯೆ ಕಲಿತಿದ್ದಾರೆ. ಅವರಿಗೆ ಬೇಕಾದ ಮಾಹಿತಿಯ ಬಾಗಿಲು ಮಾತ್ರ ಪೂರ್ತಿ ತೆರೆದಿಲ್ಲ.

ಇದು ಕೇವಲ ಗೊಣಗಾಟವಲ್ಲ ಎಂಬುದನ್ನು ದೇಶದ ಸ್ಪರ್ಧಾ ಆಯೋಗವೇ ಹೇಳಿದೆ. 2014ರ ಆಗಸ್ಟ್ 25ರಂದು ಆಯೋಗವು, ಬಿಡಿಭಾಗ ಮತ್ತು ರೋಗ ಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದ ಕಾರಣಕ್ಕೆ 14 ಕಾರು ಕಂಪನಿಗಳಿಗೆ ಒಟ್ಟು ₹2,544 ಕೋಟಿಗೂ ಹೆಚ್ಚು ದಂಡ ವಿಧಿಸಿತು. ಅದು ಮೇಲ್ಮನವಿಗಳಿಗೆ ಹೋಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ದುರಸ್ತಿ ಹಕ್ಕಿನ ಪೋರ್ಟಲ್ ಆರಂಭಿಸಿ, ವಾಹನಗಳನ್ನೂ ಅದರಲ್ಲಿ ಸೇರಿಸಿತು. ದಾರಿ ತೆರೆದಿದೆ, ಇನ್ನೂ ದೂರ ನಡೆಯಬೇಕಿದೆ.

ಕಂಪನಿ ದೇಶ ಬಿಟ್ಟುಹೋದರೆ ತೊಂದರೆ ಇನ್ನೂ ಹೆಚ್ಚು. ಜನರಲ್ ಮೋಟರ್ಸ್ 2017ರ ಕೊನೆಗೆ ಷೆವರ್ಲೆ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಎಂಜಿನ್ ಇನ್ನೂ ಹತ್ತು ವರ್ಷ ಓಡಬಲ್ಲದಾದರೂ, ಒಂದು ಸೆನ್ಸರ್ ಅಥವಾ ಬಂಪರಿಗಾಗಿ ಮಾಲೀಕರು ವಾರಗಟ್ಟಲೆ ಕಾಯುವ ಸ್ಥಿತಿ ಬರಬಹುದು. ಮರುಮಾರಾಟದ ಬೆಲೆಯೂ ಕುಸಿಯುತ್ತದೆ.

ಕಾಗದ ಹೇಳುವ ಆಯುಸ್ಸು, ಇಂಧನದ ಪರೀಕ್ಷೆ

ಮೋಟಾರು ವಾಹನ ಕಾಯ್ದೆಯಡಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. 15 ವರ್ಷಕ್ಕೆ ಕಾರು ಗುಜರಿಗೆ ಹೋಗಲೇಬೇಕು ಎಂಬ ಭಯ ಹೈದರಾಬಾದಿನಲ್ಲೂ ಕರ್ನಾಟಕದಲ್ಲೂ ಅನಗತ್ಯ. ದೆಹಲಿ ಸುತ್ತಮುತ್ತಲ ಪ್ರದೇಶದಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿತ್ತು. ಅಲ್ಲಿನ ಕೆಟ್ಟ ಗಾಳಿಗೆಂದು ಬಂದ ಆ ನಿಯಮವೇ ಇಡೀ ದೇಶದ್ದು ಎಂದು ಹಲವರು ತಿಳಿದಿದ್ದಾರೆ. ಅಲ್ಲಿಂದ ದಕ್ಷಿಣಕ್ಕೆ ಅಗ್ಗವಾಗಿ ಬರುವ ಡೀಸೆಲ್ ಕಾರುಗಳನ್ನು ಕೊಳ್ಳುವವರು ಎನ್‌ಒಸಿ, ಇಲ್ಲಿನ ತೆರಿಗೆ, ಅಪಘಾತದ ಇತಿಹಾಸ ಎಲ್ಲವನ್ನೂ ನೋಡಬೇಕು.

ಹಳೆಯದನ್ನು ಇಟ್ಟುಕೊಳ್ಳುವುದು ದುಬಾರಿಯಾಗುತ್ತಿರುವುದೂ ನಿಜ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ ₹600ರಿಂದ ₹5,000ಕ್ಕೆ ಏರಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ ₹10,000 ಆಯಿತು.

ಇಂಧನದ ಬದಲಾವಣೆ ಇನ್ನೊಂದು ಪರೀಕ್ಷೆ. 2025ರ ಹೊತ್ತಿಗೆ ದೇಶದ ಪಂಪುಗಳಲ್ಲಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಯಿತು. 2023ರ ಏಪ್ರಿಲ್ ನಂತರದ ಕಾರುಗಳ ಭಾಗಗಳು ಇದಕ್ಕೆ ಹೊಂದುವಂಥವು. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಹಳೆಯ ವಿನ್ಯಾಸದ ಕಾರುಗಳಲ್ಲಿ ಮೈಲೇಜು ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಹಳೆಯ ಕಾರುಗಳ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬೇಗ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೂ ಒಪ್ಪಿದೆ. ಹಳೆಯ ಕಾರು ಇರುವವರು ಪೆಟ್ರೋಲ್ ಪೈಪುಗಳನ್ನು ಪ್ರತಿ ಸರ್ವಿಸಿನಲ್ಲಿ ಪರೀಕ್ಷಿಸಿಕೊಳ್ಳಬೇಕು.

ವಿದ್ಯುತ್ ಕಾರುಗಳ ಸರದಿ

2024ರ ನವೆಂಬರ್‌ನಲ್ಲಿ ತೆಲಂಗಾಣ ಸರ್ಕಾರ ವಿದ್ಯುತ್ ವಾಹನಗಳಿಗೆ 2026ರ ಡಿಸೆಂಬರ್ ಕೊನೆಯವರೆಗೆ ರಸ್ತೆ ತೆರಿಗೆ, ನೋಂದಣಿ ಶುಲ್ಕದಿಂದ ವಿನಾಯಿತಿ ಘೋಷಿಸಿತು. ಈ ಕಾರುಗಳಲ್ಲಿ ಎಂಜಿನ್ ಆಯಿಲ್, ಪ್ಲಗ್, ಕ್ಲಚ್, ಸೈಲೆನ್ಸರ್ ಇಲ್ಲ; ಸವೆಯುವ ಭಾಗಗಳೇ ಕಡಿಮೆ. ಬಾಳಿಕೆಯ ಪ್ರಶ್ನೆಯೆಲ್ಲ ಬ್ಯಾಟರಿಗೆ ಬಂದು ನಿಲ್ಲುತ್ತದೆ. ವಿದೇಶಗಳ ಸಾವಿರಾರು ವಾಹನಗಳ ಅಂಕಿಗಳ ಪ್ರಕಾರ ಬ್ಯಾಟರಿಯ ಸಾಮರ್ಥ್ಯ ವರ್ಷಕ್ಕೆ ಸರಾಸರಿ ಶೇ 2ರ ಆಸುಪಾಸಿನಲ್ಲಿ ಕುಗ್ಗುತ್ತದೆ. ಬಿಸಿಲು, ಪದೇ ಪದೇ ಮಾಡುವ ಫಾಸ್ಟ್ ಚಾರ್ಜಿಂಗ್ ಇದನ್ನು ಹೆಚ್ಚಿಸುತ್ತವೆ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಇವಿಗೆ ಬ್ಯಾಟರಿಯ ಮೇಲೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇತ್ತು. ಪೆಟ್ರೋಲ್ ಎಂಜಿನ್ ಮೇಲೆ ಇಷ್ಟು ದೀರ್ಘ ಭರವಸೆಯನ್ನು ನಮ್ಮ ಮಾರುಕಟ್ಟೆ ಕಂಡದ್ದು ಅಪರೂಪ.

ತೀರ್ಪು

ದಿನನಿತ್ಯ ಕೈಕೊಡದಿರುವುದರಲ್ಲಿ, ಒಟ್ಟು ಓಡುವ ಕಿಲೋಮೀಟರಿನಲ್ಲಿ, ಜೀವ ಉಳಿಸುವುದರಲ್ಲಿ ಹೊಸ ಕಾರು ಹಳೆಯದನ್ನು ಸ್ಪಷ್ಟವಾಗಿ ಮೀರಿಸಿದೆ. ದುರಸ್ತಿಯ ಸುಲಭದಲ್ಲಿ ಹಳೆಯದೇ ಮೇಲು. ಯಂತ್ರದ ದೃಷ್ಟಿಯಿಂದ ನೋಡಿದರೆ, ಸರಳವಾದ ಫ್ಯೂಯಲ್ ಇಂಜೆಕ್ಷನ್ ಪೆಟ್ರೋಲ್ ಎಂಜಿನ್, ತುಕ್ಕು ತಡೆಯುವ ಕವಚ, ಏರ್‌ಬ್ಯಾಗ್, ಎಬಿಎಸ್ ಇರುವ ಕಳೆದ ಹತ್ತು ಹನ್ನೆರಡು ವರ್ಷದ ಕಾರುಗಳು ಎರಡೂ ಕಾಲದ ಒಳ್ಳೆಯದನ್ನು ಹೊತ್ತಿವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ತಯಾರಾದ ವರ್ಷಕ್ಕಿಂತ ಸರ್ವಿಸ್ ದಾಖಲೆಗೆ ಹೆಚ್ಚು ಬೆಲೆ ಕೊಡಲಿ. ಹೊಸದು ಕೊಳ್ಳುವವರು ಪರದೆಯ ಅಗಲಕ್ಕಿಂತ ಬಿಡಿಭಾಗಗಳ ಲಭ್ಯತೆ ಕೇಳಲಿ. ಯಾವ ಕಾರೇ ಇರಲಿ, ಆಯಿಲ್, ಕೂಲೆಂಟ್, ಬ್ರೇಕ್ ಫ್ಲೂಯಿಡ್ ಬದಲಾವಣೆಯನ್ನು ಮುಂದೂಡದಿರಲಿ.

ಉಳಿದದ್ದು ಸರ್ಕಾರದ ಕೆಲಸ. ಕಾರಿಗೆ 15 ವರ್ಷದ ನೋಂದಣಿ ಕೊಟ್ಟು, ಅಷ್ಟೂ ವರ್ಷದ ತೆರಿಗೆಯನ್ನು ಒಂದೇ ಬಾರಿಗೆ ವಸೂಲಿ ಮಾಡುವ ಸರ್ಕಾರ, ಅಷ್ಟೂ ವರ್ಷ ಬಿಡಿಭಾಗ, ಸಾಫ್ಟ್‌ವೇರ್ ಮತ್ತು ರಿಪೇರಿಯ ಮಾಹಿತಿ ಸಿಗುವಂತೆ ತಯಾರಕರಿಗೆ ಕಾನೂನಿನ ಕಟ್ಟುಪಾಡು ವಿಧಿಸಬೇಕು. ಕಂಪನಿ ದೇಶ ಬಿಟ್ಟರೂ ಆ ಹೊಣೆ ತಪ್ಪಬಾರದು. ಬಾಳಬಲ್ಲ ಯಂತ್ರವನ್ನು ಎಂಜಿನಿಯರುಗಳು ಈಗಾಗಲೇ ಕೊಟ್ಟಿದ್ದಾರೆ; ಅದನ್ನು ಬಾಳಿಸುವ ಹಕ್ಕನ್ನು ಗ್ರಾಹಕರು ಕೇಳಿ ಪಡೆಯಬೇಕು.